ಚಿಗರಿಯ ಕೊರಳಿಗೆ ನಾಲ್ಕು ಬೆಲ್ಟು

ನಿನ್ನೆ, ಆಗಸ್ಟ್ 11ರ ರಾತ್ರಿ ಹನ್ನೊಂದಕ್ಕೆ ಕೊನೆಯ ಗಂಟು ಹಾಕಿ ದಾರ ಕತ್ತರಿಸಿದೆ. ಚಿಗರಿಗೆಂದು ನಾನು ಮಾಡಿದ ನಾಲ್ಕನೆಯ ಚರ್ಮದ ಬೆಲ್ಟು ಇದು. ಮೊದಲ ಮೂರು ಕೈಕೊಟ್ಟವು. ಜೂನ್ 9ರಂದು ಶುರು ಮಾಡಿದ್ದು, ಒಟ್ಟು ಹತ್ತು ಭಾನುವಾರ ಹಿಡಿಯಿತು. ದಾವಣಗೆರೆಯ ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಬೆಲ್ಟಿನ ಖರ್ಚನ್ನೂ ಅಳತೆಯನ್ನೂ ಅದೇ ಚಟಕ್ಕೆ ಬಿದ್ದು ತಾರೀಖಿನ ಸಮೇತ ಬರೆದಿಟ್ಟಿದ್ದೆ. ಅದನ್ನು ಈಗ ಬಿಡಿಸಿ ಬರೆಯುತ್ತಿದ್ದೇನೆ.

ಚಿಗರಿ ಮುಧೋಳ ತಳಿಯ ಹೆಣ್ಣು ನಾಯಿ. ಎರಡು ವರ್ಷ, 22 ಕಿಲೋ. ಮೈಯೆಲ್ಲ ಬಿಳಿ, ಬೆನ್ನ ಮೇಲೊಂದು ತಿಳಿಗಂದು ಮಚ್ಚೆ. ಅಂಗಡಿಯಿಂದ ತಂದ ನೈಲಾನ್ ಬೆಲ್ಟು ಅವಳ ಕೊರಳ ಕೆಳಗೆ ನಾಣ್ಯದಗಲ ಕೂದಲು ಸವೆಸಿ ಚರ್ಮ ಕೆಂಪಗಾಗಿಸಿತ್ತು. ಚರ್ಮದ ಬೆಲ್ಟು ಅಂಗಡಿಯಲ್ಲಿ 450 ರೂಪಾಯಿಗೆ ಸಿಗುತ್ತಿತ್ತು. ಒಂದು ಪಟ್ಟಿ, ಒಂದು ಬಕಲ್ಲು, ಇದಕ್ಕೆ 450 ಯಾಕೆ ಕೊಡಬೇಕು ಎಂದುಕೊಂಡೆ. ಆ ಪ್ರಶ್ನೆಯ ಬೆಲೆ ಎಷ್ಟೆಂದು ಕೊನೆಯಲ್ಲಿ ಹೇಳುತ್ತೇನೆ.

ಜೂನ್ 9: ಚರ್ಮವೆಲ್ಲ ಒಂದೇ ಎಂದು ತಿಳಿದದ್ದು

ಸೋಫಾ, ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುವ ಅಂಗಡಿಯೊಂದರಲ್ಲಿ ಉಳಿದ ಚರ್ಮದ ತುಂಡು 150 ರೂಪಾಯಿಗೆ ಸಿಕ್ಕಿತು. ದಪ್ಪ 1.2 ಮಿ.ಮೀ. ಮಾತ್ರ. ಎರಡು ಮಡಿಕೆ ಮಾಡಿ, ನಡುವೆ ಸೊಲ್ಯೂಷನ್ ಹಚ್ಚಿ (ಡಬ್ಬಿಗೆ 40), ಅಮ್ಮನ ಹೊಲಿಗೆ ಯಂತ್ರದಲ್ಲಿ ಅಂಚು ಹೊಲಿಯಲು ಹೋದೆ. ಎರಡು ಸೂಜಿ ಮುರಿದವು. ಹೊಸ ಸೂಜಿಗೆ 20 ರೂಪಾಯಿ, ಬೈಗುಳ ಲೆಕ್ಕಕ್ಕಿಲ್ಲ.

ಹೇಗೋ ಮುಗಿಸಿ, ಗಟ್ಟಿ ಇದೆಯೇ ನೋಡೋಣವೆಂದು ರಾತ್ರಿ ಕಿಟಕಿಯ ಸರಳಿಗೆ ಬೆಲ್ಟು ಕಟ್ಟಿ, ಅದಕ್ಕೆ ಹತ್ತು ಕಿಲೋ ಅಕ್ಕಿಚೀಲ ತೂಗುಹಾಕಿ ಮಲಗಿದೆ. ಬೆಳಿಗ್ಗೆ ಅಳೆದರೆ 56 ಸೆಂ.ಮೀ. ಇದ್ದದ್ದು 60 ಆಗಿತ್ತು.

ಮಂಡಿಗೆ ಹೋಗುವ ದಾರಿಯಲ್ಲಿ, ಬೇವಿನ ಮರದ ಕೆಳಗೆ, ಚಪ್ಪಲಿ ಹೊಲಿಯುವ ಯಜಮಾನರೊಬ್ಬರು ಕೂರುತ್ತಾರೆ. ಅವರಿಗೆ ತೋರಿಸಿದೆ. ಅವರು ಏನನ್ನೂ ಕೇಳದೆ ರಂಪಿಗೆಯಿಂದ ತುದಿಯನ್ನು ಒಂದೇ ಎಳೆತಕ್ಕೆ ಕೊಯ್ದು, ಕೊಯ್ದ ಮುಖವನ್ನು ನನ್ನ ಕಣ್ಣಿನ ಹತ್ತಿರ ಹಿಡಿದರು. ಮೇಲೆ ಕಂದು ಬಣ್ಣ, ನಡುವೆ ಬೂದಿಮಿಶ್ರಿತ ನೀಲಿ.

“ನೀಲಿ ಕಾಣುತ್ತಿದೆಯಲ್ಲ ತಮ್ಮಾ, ಇದು ಕೆಮಿಕಲ್ ಹದದ್ದು. ಮೆತ್ತಗಿರುತ್ತದೆ, ಎಳೆದಷ್ಟೂ ಬರುತ್ತದೆ. ಕೂರುವುದಕ್ಕೆ ಸರಿ, ಕಟ್ಟುವುದಕ್ಕಲ್ಲ. ನಿಮಗೆ ತೊಗಟೆ ಹದದ್ದು ಬೇಕು.”

ಕ್ರೋಮ್ ಲವಣದಲ್ಲಿ ಹದ ಮಾಡಿದ ಚರ್ಮದ ಹೊಟ್ಟೆಯೊಳಗೆ ಆ ನೀಲಿ ಉಳಿದಿರುತ್ತದೆ. ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿಯಲ್ಲಿ ಹದವಾದದ್ದು ಮೇಲಿನಿಂದ ಕೆಳಗಿನವರೆಗೆ ಕಂದು. ಈ ಒಂದು ಮಾತು ಮೊದಲೇ ಗೊತ್ತಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು.

ಜೂನ್ 16: ಸಾಮಾನು

ಚೆನ್ನೈನ ಪೆರಿಯಮೇಟ್‌ನಿಂದ ತೊಗಟೆ ಹದದ ಎಮ್ಮೆ ಚರ್ಮ ತರಿಸಿದೆ. ಎರಡು ಚದರ ಅಡಿ, ದಪ್ಪ 3.5 ಮಿ.ಮೀ., ಕೊರಿಯರ್ ಸೇರಿ 560 ರೂಪಾಯಿ. ಪೊಟ್ಟಣ ಬಿಚ್ಚಿದಾಗ ಮನೆಯೆಲ್ಲ ನೆನೆದ ಮರದ ವಾಸನೆ. ಚಿಗರಿ ಅರ್ಧ ಗಂಟೆ ಅದರ ಸುತ್ತಲೇ ತಿರುಗಿದಳು.

ಉಳಿದ ಸಾಮಾನು: 60 ಸೆಂ.ಮೀ. ಉದ್ದದ ಸ್ಟೀಲ್ ಸ್ಕೇಲು 90, ಕಟ್ಟರ್ ಬ್ಲೇಡು 60, ರಂಧ್ರ ಹೊಡೆಯಲು ತಿರುಗಿಸುವ ಪಂಚು 280, ಮೊಂಡು ಮೊನೆಯ ಎರಡು ಸೂಜಿ 40, ಮೇಣ ಹಚ್ಚಿದ 0.8 ಮಿ.ಮೀ. ದಾರ 160, ಜೇನುಮೇಣ 50. ಚರ್ಮ ಚುಚ್ಚುವ ಹಳೆಯ ಆರಿಯೊಂದನ್ನು ಯಜಮಾನರೇ 80ಕ್ಕೆ ಕೊಟ್ಟರು. ಗೆರೆ ಎಳೆಯಲು ಅಕ್ಕನ ಮಗನ ಜಾಮಿಟ್ರಿ ಪೆಟ್ಟಿಗೆಯ ಕೈವಾರ. ಚೌಕಿಪೇಟೆಯಲ್ಲಿ ಹಿತ್ತಾಳೆಯಂತೆ ಹೊಳೆಯುವ 25 ಮಿ.ಮೀ. ಬಕಲ್ಲು ಮತ್ತು ಹಗ್ಗ ಸಿಕ್ಕಿಸುವ ಡಿ ರಿಂಗು, ಎರಡೂ ಸೇರಿ 60. “ಹಿತ್ತಾಳೆಯಂತೆ” ಎಂದು ಬರೆದದ್ದನ್ನು ಗಮನಿಸಿ.

ಮೊದಲ ಪಟ್ಟಿಯನ್ನು ಯಾವ ಕಡೆ ಉದ್ದ ಕಂಡಿತೋ ಆ ಕಡೆಯಿಂದ ಕೊಯ್ದೆ. ಅದು ಹೊಟ್ಟೆಯ ಭಾಗ. ಮಡಿಸಿದರೆ ಅಜ್ಜಿಯ ಮೊಣಕೈಯಂತೆ ಸಡಿಲ ಸುಕ್ಕು. ಬೆನ್ನಿನ ಭಾಗ ಮಡಿಸಿದಾಗ ಸಣ್ಣ, ಬಿಗಿಯಾದ ಗೆರೆ ಬೀಳುತ್ತದೆ. ಪಟ್ಟಿಯನ್ನು ಬೆನ್ನಿನ ಉದ್ದಕ್ಕೇ ಕೊಯ್ಯಬೇಕು. ಕೈಯಗಲ ಚರ್ಮ ಹೀಗೆ ಹೋಯಿತು.

ಜೂನ್ 23 ಮತ್ತು 30: ಎರಡನೆಯ ಬೆಲ್ಟು

ಕೊರಳ ಸುತ್ತಳತೆ 37 ಸೆಂ.ಮೀ. ಬಕಲ್ಲಿನ ಮಡಿಕೆಗೆ 8, ಬಕಲ್ಲಿನಾಚೆ ಉಳಿಯುವ ಬಾಲಕ್ಕೆ 12, ಒಟ್ಟು 57. ರಂಧ್ರ ಐದು, ಒಂದಕ್ಕೊಂದು 2.5 ಸೆಂ.ಮೀ. ಅಂತರ. ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು, ನಡುವಿನ ರಂಧ್ರ ಅವಳ ಅಳತೆಗೆ ಬರುವಂತೆ ಗುರುತು ಹಾಕಿದೆ.

ಬಕಲ್ಲಿನ ಮುಳ್ಳು ಆಡಲು ಉದ್ದ ಸೀಳು ಬೇಕು. 5 ಮಿ.ಮೀ.ನ ಎರಡು ರಂಧ್ರ ಹೊಡೆದು ನಡುವಿನದನ್ನು ಕೊಯ್ದು ತೆಗೆಯಬೇಕು. ನಾನು ರಂಧ್ರಗಳ ನಡುವೆ 3 ಸೆಂ.ಮೀ. ಬಿಟ್ಟೆ, ಬಕಲ್ಲು ಸಡಿಲ ಹಲ್ಲಿನಂತೆ ಅಲ್ಲಾಡಿತು. ಎರಡು ಸೆಂ.ಮೀ. ಸಾಕು. ಮಡಿಸುವ ಕಡೆ 3.5 ಮಿ.ಮೀ. ದಪ್ಪ ಬಗ್ಗುವುದಿಲ್ಲ, ಒಳಮುಖವನ್ನು ಹೆರೆದು ಅರ್ಧಕ್ಕೆ ಇಳಿಸಬೇಕು. ಹೆರೆಯುತ್ತಾ ಹೆರೆಯುತ್ತಾ ಮಡಿಕೆ ಬೀಳುವ ಜಾಗದಲ್ಲೇ ಕಾಗದದಷ್ಟು ತೆಳುವಾಯಿತು. ಎಳೆದು ನೋಡಿದೆ, ಹರಿಯಿತು. ಇನ್ನೊಂದು ಪಟ್ಟಿ. ಈ ಸಲ ಚರ್ಮಕ್ಕೆ ಸ್ವಲ್ಪ ನೀರು ತಾಗಿಸಿ, ಬ್ಲೇಡನ್ನು ಮಲಗಿಸಿ ಹಿಡಿದು ಹೆರೆದೆ. ಒದ್ದೆ ಚರ್ಮ ಗಿಣ್ಣಿನ ಹಾಗೆ ಕೊಯ್ಸಿಕೊಳ್ಳುತ್ತದೆ, ಮಡಿಸಿದರೆ ಬಿರಿಯುವುದೂ ಇಲ್ಲ.

ಹೊಲಿಗೆಯ ಬಗ್ಗೆ ತುಸು ಹೆಚ್ಚು ಹೇಳಬೇಕು. ಒಂದೇ ದಾರದ ಎರಡು ತುದಿಗೂ ಒಂದೊಂದು ಸೂಜಿ. ಅಂಚಿನಿಂದ 4 ಮಿ.ಮೀ. ಒಳಗೆ ಕೈವಾರದಿಂದ ಗೆರೆ ಎಳೆದು, ಅದೇ ಕೈವಾರವನ್ನು 4 ಮಿ.ಮೀ.ಗೆ ಬಿಗಿದು ಗೆರೆಯ ಮೇಲೆ ಹೆಜ್ಜೆ ಹಾಕಿಸಿದರೆ ಚುಚ್ಚಬೇಕಾದ ಜಾಗ ಸಿಗುತ್ತದೆ. ಆರಿಯಿಂದ ಚುಚ್ಚಿ, ಎಡಗಡೆಯ ಸೂಜಿ ಈ ಕಡೆಗೆ, ಬಲಗಡೆಯದು ಅದೇ ರಂಧ್ರದಿಂದ ಆ ಕಡೆಗೆ, ಆಮೇಲೆ ಎರಡೂ ಕೈಯಿಂದ ಸಮನಾಗಿ ಎಳೆಯುವುದು. ಹೀಗೆ ಹೊಲಿದರೆ ಒಂದು ಕಡೆ ದಾರ ಹರಿದರೂ ಇನ್ನೊಂದು ಎಳೆ ಹಿಡಿದಿರುತ್ತದೆ. ಯಂತ್ರದ ಹೊಲಿಗೆಯಂತೆ ಸರಸರ ಬಿಚ್ಚಿಕೊಳ್ಳುವುದಿಲ್ಲ.

ಮಾಡಿದ ತಪ್ಪು ಮೂರು. ಯಾವ ಸೂಜಿ ಮೊದಲು ಎಂಬ ಕ್ರಮ ಇಟ್ಟುಕೊಳ್ಳಲಿಲ್ಲ, ಹಿಂಬದಿಯ ಹೊಲಿಗೆ ಸಾಲು ತಪ್ಪಿದ ಇರುವೆಗಳಂತೆ ಕಂಡಿತು. ಎರಡನೆಯ ಸೂಜಿಯನ್ನು ಮೊದಲನೆಯ ದಾರದ ನಡುವೆಯೇ ಚುಚ್ಚಿ ಎಳೆದೆ, ದಾರ ಅಲ್ಲೇ ಕಚ್ಚಿಕೊಂಡಿತು. ಮೂರನೆಯದು ದಾರದ ಅಳತೆ: ಹೊಲಿಯುವ ಉದ್ದದ ನಾಲ್ಕು ಪಟ್ಟು ದಾರ ಬೇಕು, ನಾನು ಎರಡೂವರೆ ಪಟ್ಟು ತೆಗೆದುಕೊಂಡಿದ್ದೆ. 22 ಹೊಲಿಗೆಯ ಸಾಲಿನಲ್ಲಿ ಹದಿನೇಳನೆಯದಕ್ಕೆ ಮುಗಿಯಿತು. ಬಿಚ್ಚಿ ಮತ್ತೆ ಹೊಲಿದು ಎರಡೂವರೆ ಗಂಟೆ. ಮರುದಿನ ಯಜಮಾನರು ಯಾರದೋ ಚಪ್ಪಲಿಗೆ ಅಷ್ಟೇ ಉದ್ದದ ಹೊಲಿಗೆ ಹಾಕುವುದನ್ನು ನಿಂತು ನೋಡಿದೆ. ನಾನು ತಂದಿದ್ದ ಚಹಾ ಆರುವ ಮೊದಲೇ ಅವರದು ಮುಗಿದಿತ್ತು.

ಅಂಚಿಗೆ ನೀರು ತಾಗಿಸಿ, ಜೇನುಮೇಣ ಸವರಿ, ನಯವಾದ ಮರದಿಂದ ಬಿಸಿಯೇರುವಂತೆ ಉಜ್ಜಿದರೆ ನಾರೆಲ್ಲ ಕೂತು ಹೊಳಪು ಬರುತ್ತದೆ. ಮನೆಯಲ್ಲಿದ್ದ ನಯವಾದ ಮರ ಲಟ್ಟಣಿಗೆ. ತೊಳೆದಿಟ್ಟಿದ್ದೆ, ಆದರೂ ಮೇಣ ಹತ್ತಿದ್ದು ಚಪಾತಿಯ ದಿನ ಗೊತ್ತಾಯಿತು. ಈಗ ಅಡುಗೆಮನೆಗೆ ಹೊಸ ಲಟ್ಟಣಿಗೆ ಬಂದಿದೆ, ಹಳೆಯದು ನನ್ನ ಪೆಟ್ಟಿಗೆಯಲ್ಲಿದೆ. (ಅಂಗಡಿಯ ಆ ನೀಲಿ ಚರ್ಮದ ಅಂಚನ್ನೂ ಉಜ್ಜಿ ನೋಡಿದೆ. ಅದಕ್ಕೆ ಹೊಳಪು ಬರುವುದೇ ಇಲ್ಲ, ಜುಂಗು ಏಳುತ್ತದೆ.)

ಕೊನೆಗೆ ಎಣ್ಣೆ. ನಾಲ್ಕು ಹನಿ ಬಟ್ಟೆಗೆ ಹಾಕಿ ಸವರಿದರೆ ಸಾಕಿತ್ತು. ನಾನು ಬೆಲ್ಟನ್ನು ಹರಳೆಣ್ಣೆಯ ಬಟ್ಟಲಲ್ಲಿ ಅದ್ದಿದೆ. ಮೂರು ದಿನ ಎಣ್ಣೆ ಸೋರಿತು, ಧೂಳು ಕಚ್ಚಿತು, ಚರ್ಮದ ಬಿಗಿ ಹೋಯಿತು. ಒಣಗಲೆಂದು ಕುರ್ಚಿಯ ಮೇಲೆ ಇಟ್ಟಿದ್ದನ್ನು ಚಿಗರಿ ಎತ್ತಿಕೊಂಡು ಹೋಗಿ ಬೆಲ್ಟಿನ ಬಾಲದ ತುದಿಯನ್ನು ಒಂದು ಇಂಚು ತಿಂದಳು.

ಜುಲೈ 7: ಬಿಳಿ ನಾಯಿ, ಕಪ್ಪು ಬಣ್ಣ

ಎಣ್ಣೆಯ ಕಲೆ ಮುಚ್ಚಲು 120 ರೂಪಾಯಿಯ ಕಪ್ಪು ಸ್ಪಿರಿಟ್ ಬಣ್ಣ ಬಳಿದೆ. ಒಣಗಿದ ಮೇಲೆ ಚೆನ್ನಾಗಿಯೇ ಇತ್ತು. ಬುಧವಾರ ನಿಟುವಳ್ಳಿಯಲ್ಲಿ ಮಳೆಗೆ ಸಿಕ್ಕಿ ಇಬ್ಬರೂ ತೊಯ್ದು ಮನೆಗೆ ಬಂದೆವು. ಬೆಲ್ಟು ಬಿಚ್ಚಿದರೆ ಅವಳ ಬಿಳಿ ಕೊರಳಿಗೆ ಕಪ್ಪು ಉಂಗುರ, ಅದರಿಂದ ಎದೆಗೆ ಇಳಿದ ಎರಡು ಗೆರೆ. ಎರಡು ಸಲ ಸ್ನಾನ ಮಾಡಿಸಿದರೂ ತಿಂಗಳ ಕೊನೆಯವರೆಗೆ ಬೂದು ಬಣ್ಣ ಉಳಿದಿತ್ತು. ಬಣ್ಣ ಹಾಕಿದ ಚರ್ಮವನ್ನು ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿ ನೋಡದೆ ನಾಯಿಗೆ ಕಟ್ಟಬಾರದು.

ಇದಕ್ಕೆ ಬೇರೆ ದಾರಿ ಇದೆ. ಕಬ್ಬಿಣವನ್ನು ವಿನೆಗರಿನಲ್ಲಿ ನೆನೆಹಾಕಿ ಆ ನೀರನ್ನು ಹಚ್ಚಿದರೆ, ತೊಗಟೆಯ ಒಗರು ಕಬ್ಬಿಣದೊಂದಿಗೆ ಸೇರಿ ಚರ್ಮವೇ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಕೆಲಸ. ಅರ್ಧ ಲೀಟರ್ ವಿನೆಗರ್ 45, ಪಾತ್ರೆ ತಿಕ್ಕುವ ಸ್ಟೀಲ್ ಜುಂಗು 20. ಒಂದು ವಾರ ಕಾದೆ. ಜುಂಗು ಹಾಕಿದಾಗ ಎಷ್ಟು ಹೊಳೆಯುತ್ತಿತ್ತೋ ಅಷ್ಟೇ ಹೊಳೆಯುತ್ತಿತ್ತು. ಅದು ತುಕ್ಕು ಹಿಡಿಯದ ಸ್ಟೀಲು, ಹಿಡಿಯುವುದಾದರೂ ಹೇಗೆ? ಹತ್ತು ರೂಪಾಯಿಯ ಕಬ್ಬಿಣದ ಮೊಳೆ ಹಾಕಿದೆ, ಗುಳ್ಳೆ ಏಳತೊಡಗಿತು. ಸಂತೋಷದಿಂದ ಮುಚ್ಚಳ ಬಿಗಿದಿಟ್ಟೆ. ಎರಡು ದಿನದ ನಂತರ ಪ್ಲಾಸ್ಟಿಕ್ ಬಾಟಲಿ ಉಬ್ಬಿಕೊಂಡು ಕಪಾಟಿನ ಬಾಗಿಲು ತಳ್ಳುತ್ತಿತ್ತು. ಒಳಗೆ ಅನಿಲ ಹುಟ್ಟುತ್ತದೆ, ಮುಚ್ಚಳ ಸಡಿಲ ಇರಬೇಕು.

ಮುಂದಿನ ಎರಡು ಬೆಲ್ಟಿಗೂ ಇದನ್ನೇ ಬಳಸಿದೆ. ಹಚ್ಚಿದ ಕೂಡಲೇ ಬೂದು, ಐದು ನಿಮಿಷಕ್ಕೆ ಕಪ್ಪು. ಆಮೇಲೆ ಅರ್ಧ ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ತೊಳೆದು ಹುಳಿ ತೆಗೆಯಬೇಕು. ನೆರಳಲ್ಲಿ ಒಣಗಿಸಿ ಎಣ್ಣೆ ಸವರಬೇಕು. ನಾಲ್ಕು ಹನಿ.

ಜುಲೈ 14: ಕುಂದವಾಡ ಕೆರೆ

ಬೆಳಿಗ್ಗೆ ಆರೂವರೆ, ಏರಿಯ ಮೇಲೆ ವಾಯುವಿಹಾರದ ಜನ. ಹಿಂದಿನಿಂದ ಬಂದ ಬೈಕಿನ ಹಾರನ್ನಿಗೆ ಚಿಗರಿ ಬೆದರಿ ಹಿಂದಕ್ಕೆ ಜಗ್ಗಿದಳು. ತಲೆ ತಗ್ಗಿಸಿದಳು, ಕಿವಿ ಮಡಿಸಿದಳು. ನನ್ನ ಕೈಯಲ್ಲಿ ಹಗ್ಗವಿತ್ತು, ಹಗ್ಗದ ತುದಿಯಲ್ಲಿ ಬೆಲ್ಟಿತ್ತು, ಬಕಲ್ಲು ನಾನು ಹಾಕಿದ ರಂಧ್ರದಲ್ಲೇ ಭದ್ರವಾಗಿತ್ತು. ನಾಯಿ ಮಾತ್ರ ಹತ್ತಡಿ ದೂರದಲ್ಲಿ ನಿಂತು ನನ್ನನ್ನು ನೋಡುತ್ತಿತ್ತು. ಒಂದು ಹೊಲಿಗೆಯೂ ಹೋಗಿರಲಿಲ್ಲ. ಅವಳು ಓಡಿದ ಮೇಲೆ ಹಿಂಬಾಲಿಸುವುದು ಹುಚ್ಚುತನ, ಮುಧೋಳ ನಾಯಿಗಳನ್ನು ಸಾಕುತ್ತಿದ್ದದ್ದೇ ಮೊಲದ ಹಿಂದೆ ಬಿಡುವುದಕ್ಕೆ. ನಲವತ್ತು ನಿಮಿಷದ ನಂತರ ರಸ್ತೆಬದಿಯ ಮಂಡಕ್ಕಿ ಮಿರ್ಚಿ ಗಾಡಿಯ ಬಳಿ ಸಿಕ್ಕಳು.

ಒಂದು ರಂಧ್ರ ಬಿಗಿ ಮಾಡಿದರೆ ಕೆಮ್ಮುತ್ತಾಳೆ. ಅಗಲ ಹೆಚ್ಚಿಸಿದರೆ ಹಿಡಿದೀತು ಎಂದು ಮೂರನೆಯದಕ್ಕೆ ಕೈಹಾಕಿದೆ. ಯೋಚನೆಯೇ ತಪ್ಪು ದಿಕ್ಕಿನಲ್ಲಿತ್ತು, ಆಗ ತಿಳಿಯಲಿಲ್ಲ.

ಜುಲೈ 21 ಮತ್ತು 28: ಮೂರನೆಯ ಬೆಲ್ಟು

40 ಮಿ.ಮೀ. ಅಗಲ. ಬಕಲ್ಲು, ಡಿ ರಿಂಗು, ರಿವಿಟ್ ಸೇರಿ 140. ಕೈ ನೋಯುತ್ತಿದ್ದ ಕಾರಣ ಹೊಲಿಗೆ ಬಿಟ್ಟು ನಾಲ್ಕು ರಿವಿಟ್ ಹೊಡೆದೆ. ಹತ್ತೇ ನಿಮಿಷದ ಕೆಲಸ. ನಾಲ್ಕನೆಯ ದಿನ ಬೀದಿಯಲ್ಲಿ ಮೇಕೆ ಕಂಡು ಅವಳು ನೆಗೆದಾಗ ರಿವಿಟ್ಟೇನೋ ಉಳಿಯಿತು, ಡಿ ರಿಂಗು ಬಾಯಿ ಬಿಟ್ಟಿತು. ಅದರ ಎರಡು ತುದಿಗಳನ್ನು ಬೆಸೆದಿರಲಿಲ್ಲ, ಬರೀ ಕೂಡಿಸಿ ಬಗ್ಗಿಸಿದ್ದರು. ಬಕಲ್ಲನ್ನು ಮೊಳೆಯಿಂದ ಗೀರಿದೆ, ಹಳದಿ ಹೊದಿಕೆಯ ಕೆಳಗೆ ಬೆಳ್ಳಗಿನ ಸತು. ಮೊದಲಿನ 25 ಮಿ.ಮೀ. ಬಕಲ್ಲಿಗೆ ಅಯಸ್ಕಾಂತ ಹಿಡಿದೆ, ಟಕ್ಕೆಂದು ಅಂಟಿತು. ಕಬ್ಬಿಣ. ಹಿತ್ತಾಳೆಗೆ ಅಯಸ್ಕಾಂತ ಅಂಟುವುದಿಲ್ಲ, ಸತುವಿಗೂ ಅಂಟುವುದಿಲ್ಲ. ಆದ್ದರಿಂದ ಎರಡೂ ಪರೀಕ್ಷೆ ಬೇಕು.

ಆ ಸಂಜೆ ಟೇಪು ಹಿಡಿದು ಅವಳನ್ನು ಎಲ್ಲ ಕಡೆ ಅಳೆದೆ. ಕೊರಳ ನಡುಭಾಗ 37. ಕಿವಿಯ ಹಿಂದೆ, ಕೊರಳು ಸಣ್ಣಗಾಗುವಲ್ಲಿ 34. ತಲೆಯ ಅತಿ ಅಗಲದ ಸುತ್ತು 37.5. ಅಂದರೆ ಕೊರಳಿಗೂ ತಲೆಗೂ ಇರುವ ವ್ಯತ್ಯಾಸ ಅರ್ಧ ಸೆಂ.ಮೀ. ಎರಡು ಬೆರಳು ಸಡಿಲ ಬಿಟ್ಟ ಯಾವ ಬೆಲ್ಟೂ ಈ ತಲೆಯ ಮೇಲಿಂದ ಜಾರುತ್ತದೆ, ಅಗಲ ಎಷ್ಟಿದ್ದರೇನು. ಏಳು ವಾರ ಕೊರಳನ್ನು ಅಳೆದಿದ್ದೆ, ತಲೆಯನ್ನು ಒಮ್ಮೆಯೂ ಅಳೆದಿರಲಿಲ್ಲ.

ಆಗಸ್ಟ್ 4 ಮತ್ತು 11: ನಾಲ್ಕನೆಯ ಬೆಲ್ಟು

ಇಂಥ ನಾಯಿಗಳಿಗೆ ಮಾರ್ಟಿಂಗೇಲ್ ಎಂಬ ಬೇರೆ ವಿನ್ಯಾಸ ಇದೆ. ಬಕಲ್ಲೇ ಇಲ್ಲ. ದೊಡ್ಡ ಪಟ್ಟಿಯ ಎರಡು ತುದಿಗೂ ಉಂಗುರ, ಆ ಎರಡು ಉಂಗುರಗಳಲ್ಲಿ ತೂರಿ ಓಡಾಡುವ ಒಂದು ಸಣ್ಣ ಕುಣಿಕೆ, ಹಗ್ಗ ಸಿಕ್ಕಿಸುವುದು ಕುಣಿಕೆಯ ಉಂಗುರಕ್ಕೆ. ಹಗ್ಗ ಜಗ್ಗಿದರೆ ಒಂದು ಮಿತಿಯವರೆಗೆ ಬಿಗಿಯುತ್ತದೆ, ಬಿಟ್ಟರೆ ಸಡಿಲವಾಗುತ್ತದೆ. ಬೆಸೆದ ಸ್ಟೀಲ್ ಉಂಗುರ ಮೂರು, ಕೊರಿಯರ್ ಸೇರಿ 180. ಒಳಪದರಕ್ಕೆ ಮೆತ್ತನೆಯ ಮೇಕೆ ಚರ್ಮ 80.

ಅಳತೆ: ದೊಡ್ಡ ಪಟ್ಟಿ ಉಂಗುರದಿಂದ ಉಂಗುರಕ್ಕೆ 29 ಸೆಂ.ಮೀ., ನಡುವೆ ಅಗಲ 45 ಮಿ.ಮೀ., ತುದಿಗಳಲ್ಲಿ 20. ಕೊಯ್ದದ್ದು 35. ಕುಣಿಕೆಗೆ 30 ಸೆಂ.ಮೀ. ಕೊಯ್ದು ಮಡಿಸಿ ಹೊಲಿದ ಮೇಲೆ ಸುತ್ತು 24. ಪೂರ್ತಿ ಬಿಚ್ಚಿದಾಗ ಬೆಲ್ಟಿನ ಸುತ್ತು ಸುಮಾರು 41, ತಲೆ ಸಲೀಸಾಗಿ ತೂರುತ್ತದೆ. ಬಿಗಿದಾಗ ಕಿವಿಯ ಹಿಂದಿನ 34ಕ್ಕೆ ಕೂರುತ್ತದೆ, ಆಗಲೂ ಉಂಗುರಗಳ ನಡುವೆ ಎರಡು ಬೆರಳಿಗೂ ಹೆಚ್ಚು ಜಾಗ ಉಳಿದಿರುತ್ತದೆ. ಉಂಗುರಗಳು ಒಂದಕ್ಕೊಂದು ತಾಗಿಬಿಟ್ಟರೆ ಇನ್ನು ಬಿಗಿಯುವುದಿಲ್ಲ, ಅಲ್ಲಿಗೆ ತಲೆ ಜಾರುವ ಹಳೆಯ ಕಥೆಯೇ.

ಇಲ್ಲಿಯೂ ಎರಡು ಸಲ ಎಡವಿದೆ. ಕುಣಿಕೆಯನ್ನೂ 3.5 ಮಿ.ಮೀ. ದಪ್ಪದಲ್ಲೇ ಮಾಡಿದ್ದೆ, ಉಂಗುರದಲ್ಲಿ ಸಿಕ್ಕಿಕೊಂಡು ಬಿಗಿದದ್ದು ಬಿಡಲೇ ಇಲ್ಲ. ಒಳಮುಖ ಹೆರೆದು 2.5ಕ್ಕೆ ಇಳಿಸಿ ಮೇಣ ಉಜ್ಜಿದ ಮೇಲೆ ಓಡಿತು. ಇನ್ನೊಂದು ಒಳಪದರದ್ದು. ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ ಅಂಟಿಸಿದೆ. ಕೊರಳಿನಂತೆ ಬಗ್ಗಿಸಿದಾಗ ಒಳಗೆಲ್ಲ ನೆರಿಗೆ. ಕಿತ್ತು, ಪಟ್ಟಿಯನ್ನು ದೇವರ ಮನೆಯ ತಾಮ್ರದ ಚೊಂಬಿನ ಸುತ್ತ ಬಗ್ಗಿಸಿ ನೋಡಿಕೊಳ್ಳುತ್ತಾ, ಆ ಬಾಗನ್ನು ಬಿಡದೆ ಸ್ವಲ್ಪಸ್ವಲ್ಪವಾಗಿ ಅಂಟಿಸಿದೆ. ನೆರಿಗೆ ಬೀಳಲಿಲ್ಲ. ಚೊಂಬಿನ ವಿಷಯ ಅಮ್ಮನಿಗೆ ಇನ್ನೂ ತಿಳಿದಿಲ್ಲ.

ಈ ಬೆಲ್ಟನ್ನು ಮನೆಯಲ್ಲಿ ಬಿಚ್ಚಿಡುತ್ತೇನೆ. ಕುಣಿಕೆ ಎಲ್ಲಾದರೂ ಸಿಕ್ಕಿಕೊಂಡರೆ ಬಿಗಿಯುತ್ತದೆ. ಇದರಲ್ಲಿ ನಾಯಿಯನ್ನು ಕಂಬಕ್ಕೆ ಕಟ್ಟಿ ಹೋಗುವುದಂತೂ ಕೂಡದು.

ಒಟ್ಟು ಖರ್ಚು 2,185 ರೂಪಾಯಿ, ಲಟ್ಟಣಿಗೆ ಬಿಟ್ಟು.

ಇಂದು ಬೆಳಿಗ್ಗೆ ಅದೇ ಕೆರೆ ಏರಿಯ ಮೇಲೆ ಅವಳು ಆಟೋ ಒಂದಕ್ಕೆ ಬೆದರಿ ಹಿಂದಕ್ಕೆ ಜಗ್ಗಿದಳು. ಬೆಲ್ಟು ಕಿವಿಯ ಹಿಂದೆ ಬಿಗಿದು ನಿಂತಿತು. ಎರಡು ಸಲ ಪ್ರಯತ್ನಿಸಿ, ಬಿಟ್ಟುಕೊಟ್ಟು ನಡೆದಳು.

ಮಂಡಿಗೆ ಹೋಗುವಾಗ ಬೆಲ್ಟನ್ನು ಯಜಮಾನರಿಗೆ ಕೊಟ್ಟೆ. ಒಂದು ಉಂಗುರವನ್ನು ಕಾಲ್ಬೆರಳಿಗೆ ಸಿಕ್ಕಿಸಿ ಇನ್ನೊಂದನ್ನು ಕೈಯಿಂದ ಜಗ್ಗಿದರು, ಅಂಚಿನ ಮೇಲೆ ಉಗುರು ಎಳೆದರು, ಏನೂ ಅನ್ನಲಿಲ್ಲ. ಆಮೇಲೆ ಒಳಬದಿಯಲ್ಲಿ ಹೆಬ್ಬೆರಳು ಸವರುತ್ತಾ ಒಂದು ಕಡೆ ನಿಲ್ಲಿಸಿದರು.

“ಗಂಟು ಯಾಕೆ ಹಾಕಿದ್ದೀರಿ? ಕೊರಳಿಗೆ ಒತ್ತುತ್ತದೆ, ಕೂದಲು ಸವೆಯುತ್ತದೆ. ಮೂರು ಹೊಲಿಗೆ ಹಿಂದಕ್ಕೆ ತಂದು ಹಾಗೆಯೇ ಕತ್ತರಿಸಿ, ಬಿಚ್ಚುವುದಿಲ್ಲ.”

ಸಂಜೆ ಎರಡೂ ತುದಿ ಬಿಚ್ಚಿ ಹೊಲಿಯಬೇಕು. ದಾರ ಇನ್ನೂ ಮೂರು ಮೀಟರ್ ಉಳಿದಿದೆ.